ಗೋಲೆಮ್, ದಿಬ್ಬುಕ್, ಹೊಲಿಗೆ ಯಂತ್ರ: ಯಹೂದಿ ವಲಸಿಗರ ಬದುಕನ್ನು ಕಿರಿಯರಿಗಾಗಿ ಐತಿಹಾಸಿಕ ಫ್ಯಾಂಟಸಿಯಾಗಿ ಬರೆಯುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಹತ್ತರಿಂದ ಹದಿನಾರು ವರ್ಷದ ಓದುಗರಿಗೆ ಈ ಬಗೆಯ ಕಥೆ ಬರೆಯುವವರು, ಅನುವಾದಿಸುವವರು, ತರಗತಿಯಲ್ಲಿ ಓದಿಸುವವರು ಎಡವುವ ಜಾಗಗಳನ್ನು ಇಲ್ಲಿ ಒಟ್ಟುಮಾಡಿದೆ. ಹೆಚ್ಚಿನ ಉತ್ತರಗಳು ನ್ಯೂಯಾರ್ಕಿನ ಲೋವರ್ ಈಸ್ಟ್ ಸೈಡಿನಲ್ಲಿ ನೆಲೆಸಿದ, ಯಿದ್ದಿಶ್ (ಪೂರ್ವ ಯುರೋಪಿನ ಯಹೂದಿಗಳ ಮನೆಮಾತು) ಮಾತಾಡುವ ಯಹೂದಿಗಳ ಕುರಿತವು. ಇಡೀ ಪುಟದ ಹಿಂದೆ ಒಂದೇ ನಿಲುವಿದೆ: ಕಥೆಯ ಮಾಯೆ ಆ ಜನರ ಧರ್ಮಶಾಸ್ತ್ರ, ಪಂಚಾಂಗ, ದುಡಿಮೆಗಳ ಒಳಗಿಂದ ಹುಟ್ಟಬೇಕು. ಹೊರಗಿಂದ ತಂದು ಅಂಟಿಸಿದ ಮಾಯೆಯನ್ನು ಮಕ್ಕಳೇ ಮೊದಲು ಗುರುತಿಸುತ್ತಾರೆ.

ಕಥೆಯನ್ನು ಯಾವ ವರ್ಷದಲ್ಲಿ ಇಡಬೇಕು?

1881ರಿಂದ 1924ರವರೆಗೆ ಪೂರ್ವ ಯುರೋಪಿನಿಂದ 20 ಲಕ್ಷಕ್ಕೂ ಹೆಚ್ಚು ಯಹೂದಿಗಳು ಅಮೆರಿಕಕ್ಕೆ ಬಂದರು. ಈ ನಲವತ್ತಮೂರು ವರ್ಷಗಳನ್ನು ‘ವಲಸೆಯ ಕಾಲ’ ಎಂದು ಒಂದೇ ಮುದ್ದೆ ಮಾಡಿದರೆ ಕಥೆ ಸಡಿಲಾಗುತ್ತದೆ. ಒಂದು ವರ್ಷವನ್ನು, ಅದರಲ್ಲೂ ಒಂದು ಋತುವನ್ನು ಹಿಡಿಯಿರಿ.

1888ರಲ್ಲಿ ಬಂದಿಳಿದ ಹುಡುಗಿ ನ್ಯೂಯಾರ್ಕ್ ಬಂದರಿನ ಎಲ್ಲಿಸ್ ದ್ವೀಪದಲ್ಲಿ ವಲಸಿಗರ ತಪಾಸಣೆಗೆ ನಿಂತಿರಲಾರಳು. ಅದು ಶುರುವಾದದ್ದು 1892ರ ಜನವರಿ 1ರಂದು. ಅದಕ್ಕೂ ಮುಂಚೆ, 1890ರವರೆಗೆ, ವಲಸಿಗರು ಇಳಿಯುತ್ತಿದ್ದದ್ದು ಕ್ಯಾಸಲ್ ಗಾರ್ಡನ್‌ನಲ್ಲಿ. ದ್ವೀಪದ ಮರದ ಕಟ್ಟಡ 1897ರ ಜೂನ್‌ನಲ್ಲಿ ಸುಟ್ಟುಹೋಗಿ, ಇಟ್ಟಿಗೆಯ ಕಟ್ಟಡ ಬಾಗಿಲು ತೆರೆದದ್ದು 1900ರ ಡಿಸೆಂಬರ್‌ನಲ್ಲಿ. ವಿಲಿಯಮ್ಸ್‌ಬರ್ಗ್ ಸೇತುವೆ 1903ರ ಡಿಸೆಂಬರಿನದು, ನೆಲದಡಿಯ ಸಬ್‌ವೇ 1904ರ ಅಕ್ಟೋಬರಿನದು. 1902ರಲ್ಲಿ ನಿಮ್ಮ ನಾಯಕ ಆ ಸೇತುವೆ ದಾಟಿ ದೆವ್ವದಿಂದ ತಪ್ಪಿಸಿಕೊಂಡರೆ, ಊರು ಬಲ್ಲ ಓದುಗ ಅಲ್ಲೇ ಪುಸ್ತಕ ಮುಚ್ಚುತ್ತಾನೆ.

ಅವರು ಊರು ಬಿಟ್ಟದ್ದು ಏಕೆ? ‘ಪೊಗ್ರೊಮ್’ ಒಂದೇ ಕಾರಣವೇ?

ಅಲ್ಲ. 1881ರ ಮಾರ್ಚ್‌ನಲ್ಲಿ ಝಾರ್ ಎರಡನೇ ಅಲೆಕ್ಸಾಂಡರ್ ಕೊಲೆಯಾದ ಮೇಲೆ ದಕ್ಷಿಣ ರಷ್ಯಾದಲ್ಲಿ ಯಹೂದಿಗಳ ಮೇಲೆ ಗುಂಪು ದಾಳಿಗಳು, ಅಂದರೆ ಪೊಗ್ರೊಮ್‌ಗಳು, ನಡೆದವು. 1882ರ ಮೇ ಕಾನೂನುಗಳು ಹಳ್ಳಿಗಳಲ್ಲಿ ಹೊಸದಾಗಿ ನೆಲೆಸುವುದನ್ನು ತಡೆದವು. ಅದಕ್ಕೂ ಮೊದಲಿನಿಂದಲೇ ರಷ್ಯಾ ಸಾಮ್ರಾಜ್ಯದ ಯಹೂದಿಗಳಲ್ಲಿ ಬಹುಪಾಲು ಜನ ‘ಪೇಲ್’ ಎಂಬ ಪಶ್ಚಿಮದ ಗಡಿಪಟ್ಟಿಯೊಳಗೇ ಬದುಕಬೇಕಿತ್ತು. ಆ ಪಟ್ಟಿಯಲ್ಲಿ ದರ್ಜಿಗಳು, ಚಮ್ಮಾರರು, ಸಣ್ಣ ವ್ಯಾಪಾರಿಗಳು ಕಿಕ್ಕಿರಿದಿದ್ದರು, ಕೆಲಸ ಮಾತ್ರ ಸಾಲುತ್ತಿರಲಿಲ್ಲ. ಆಸ್ಟ್ರಿಯಾದ ಆಳ್ವಿಕೆಯಲ್ಲಿದ್ದ ಗಲಿಸಿಯಾದಿಂದ ಹೊರಟವರನ್ನು ಓಡಿಸಿದ್ದು ಹೆಚ್ಚಾಗಿ ಬಡತನ. ಹುಡುಗರಿಗೆ ಕಡ್ಡಾಯ ಸೈನ್ಯ ಸೇವೆಯ ಭಯ ಬೇರೆ ಇತ್ತು.

ತಾರೀಖಿನಲ್ಲಿ ಒಂದು ಬಲೆಯಿದೆ. ರಷ್ಯಾ ಆಗ ಜೂಲಿಯನ್ ಕ್ಯಾಲೆಂಡರ್ ಬಳಸುತ್ತಿತ್ತು. ಅದು 19ನೇ ಶತಮಾನದಲ್ಲಿ 12 ದಿನ, 20ನೇ ಶತಮಾನದಲ್ಲಿ 13 ದಿನ ಹಿಂದಿತ್ತು. ರಷ್ಯಾ ಸಾಮ್ರಾಜ್ಯದ ಕಿಶಿನೆವ್ ಊರಿನ ಯಹೂದಿಗಳ ಮೇಲೆ ದಾಳಿ ನಡೆದದ್ದು ಅಲ್ಲಿನ ಲೆಕ್ಕದಲ್ಲಿ 1903ರ ಏಪ್ರಿಲ್ 6 ಮತ್ತು 7. ನ್ಯೂಯಾರ್ಕಿನ ಲೆಕ್ಕದಲ್ಲಿ ಏಪ್ರಿಲ್ 19 ಮತ್ತು 20. ಅಕ್ಕ ಊರಿನಿಂದ ಬರೆದ ಕಾಗದ ನ್ಯೂಯಾರ್ಕಿನಲ್ಲಿ ತಂಗಿಯ ಕೈಸೇರುವ ದೃಶ್ಯವಿದ್ದರೆ, ಎರಡೂ ತಾರೀಖನ್ನು ಪಕ್ಕಪಕ್ಕ ಬರೆದಿಟ್ಟುಕೊಂಡೇ ಮುಂದುವರಿಯಿರಿ.

ಪ್ರಯಾಣ ಹೇಗೆ ನಡೆಯುತ್ತಿತ್ತು?

ಗಾಡಿಯಲ್ಲಿ ಗಡಿಯ ಊರಿಗೆ. ಪಾಸ್‌ಪೋರ್ಟ್ ಇಲ್ಲದವರು ದಲ್ಲಾಳಿಗೆ ದುಡ್ಡು ಕೊಟ್ಟು ರಾತ್ರಿ ಗಡಿ ದಾಟುತ್ತಿದ್ದರು. ಅಲ್ಲಿಂದ ರೈಲಿನಲ್ಲಿ ಬರ್ಲಿನ್ ಬಳಿಯ ರೂಲೆಬೆನ್ ತಪಾಸಣಾ ಕೇಂದ್ರ, ಮುಂದೆ ಹ್ಯಾಂಬರ್ಗ್ ಅಥವಾ ಬ್ರೆಮೆನ್. ರಾಟರ್‌ಡ್ಯಾಮ್, ಆಂಟ್‌ವರ್ಪ್, ಲಿಬಾವು ಬಂದರುಗಳಿಂದ ಹೊರಟವರೂ ಇದ್ದಾರೆ. ಸ್ನಾನ, ಬಟ್ಟೆಬರೆಗೆ ಹಬೆ, ವೈದ್ಯರ ಪರೀಕ್ಷೆ, ಎಲ್ಲವೂ ಹಡಗು ಹತ್ತುವ ಮೊದಲೇ ಆಗುತ್ತಿತ್ತು. ರೋಗವಿರುವವರನ್ನು ಅಮೆರಿಕ ವಾಪಸ್ ಕಳಿಸಿದರೆ ಅದರ ಖರ್ಚು ಹಡಗಿನ ಕಂಪನಿಯ ತಲೆಗೆ ಬೀಳುತ್ತಿದ್ದದ್ದೇ ಇದಕ್ಕೆ ಕಾರಣ. ಕಡಲ ಮೇಲೆ ಒಂದರಿಂದ ಎರಡು ವಾರ, ಸ್ಟೀರೇಜ್ ಎಂಬ ಕೆಳ ಅಂತಸ್ತಿನಲ್ಲಿ. ಕೋಶರ್, ಅಂದರೆ ಯಹೂದಿ ಧರ್ಮನಿಯಮಕ್ಕೆ ಒಪ್ಪುವ, ಊಟ ಸಿಗುತ್ತದೋ ಇಲ್ಲವೋ ಎಂದು ಅನೇಕರು ಒಣ ರೊಟ್ಟಿ, ಉಪ್ಪುಹಾಕಿದ ಹೆರಿಂಗ್ ಮೀನು, ಈರುಳ್ಳಿ ಕಟ್ಟಿಕೊಂಡೇ ಹತ್ತುತ್ತಿದ್ದರು.

ಎಲ್ಲಿಸ್ ದ್ವೀಪದ ದೃಶ್ಯದಲ್ಲಿ ಏನೇನಿರಬೇಕು? ಅಧಿಕಾರಿಗಳು ಹೆಸರು ಬದಲಿಸುತ್ತಿದ್ದರಂತೆ, ನಿಜವೇ?

ಹೆಸರಿನ ಮಾತು ಸುಳ್ಳು. ಅಧಿಕಾರಿಯ ಮುಂದೆ ಹಡಗಿನ ಪ್ರಯಾಣಿಕರ ಪಟ್ಟಿ ಇರುತ್ತಿತ್ತು. ಅದು ಯುರೋಪಿನ ಬಂದರಿನಲ್ಲೇ ಬರೆದದ್ದು. ಅವರು ಅದರೊಂದಿಗೆ ಹೋಲಿಸಿ ನೋಡುತ್ತಿದ್ದರು, ದುಭಾಷಿಗಳೂ ಜೊತೆಗಿದ್ದರು. ಹೆಸರು ಬದಲಿಸಿಕೊಂಡವರು ಆಮೇಲೆ, ಶಾಲೆಯಲ್ಲೋ ಕೆಲಸದ ಜಾಗದಲ್ಲೋ, ತಾವಾಗಿಯೇ ಬದಲಿಸಿಕೊಂಡರು. ಹೆಸರಿಗೆ ಮಾಯಾಶಕ್ತಿಯಿರುವ ಕಥೆಯಲ್ಲಿ ಇದು ಇನ್ನೂ ಒಳ್ಳೆಯದು: ಹೆಸರು ಕಿತ್ತುಕೊಂಡದ್ದಕ್ಕಿಂತ ತಾನೇ ಬಿಟ್ಟುಕೊಟ್ಟದ್ದು ಹುಡುಗನೊಬ್ಬನಿಗೆ ಹೆಚ್ಚು ಕಾಡುತ್ತದೆ.

ಕ್ರಮ ಹೀಗಿತ್ತು. ಮೊದಲ, ಎರಡನೇ ದರ್ಜೆಯವರ ತಪಾಸಣೆ ಹಡಗಿನಲ್ಲೇ ಮುಗಿಯುತ್ತಿತ್ತು. ಸ್ಟೀರೇಜಿನವರನ್ನು ದೋಣಿಗಳಲ್ಲಿ ದ್ವೀಪಕ್ಕೆ ತರುತ್ತಿದ್ದರು. ಮೆಟ್ಟಿಲು ಹತ್ತುವಾಗಲೇ ವೈದ್ಯರು ಮೇಲಿಂದ ಗಮನಿಸುತ್ತಿದ್ದರು: ಯಾರು ಏದುಸಿರು ಬಿಡುತ್ತಾರೆ, ಯಾರು ಕುಂಟುತ್ತಾರೆ. ಅನುಮಾನ ಬಂದವರ ಕೋಟಿನ ಮೇಲೆ ಸೀಮೆಸುಣ್ಣದ ಗುರುತು ಬೀಳುತ್ತಿತ್ತು: ಹೃದಯಕ್ಕೆ ಎಚ್, ಕುಂಟಿಗೆ ಎಲ್, ಕಣ್ಣಿಗೆ ಇ, ಬುದ್ಧಿಯ ಬಗ್ಗೆ ಸಂದೇಹವಿದ್ದರೆ ಎಕ್ಸ್. ಕೋಟು ತಿರುವಿ ತೊಟ್ಟು ಗುರುತು ಮರೆಮಾಡಿದವರುಂಟು. ಆಮೇಲೆ ಎಲ್ಲರೂ ಹೆದರುತ್ತಿದ್ದ ಘಟ್ಟ: ಟ್ರಕೋಮಾ ಎಂಬ ಕಣ್ಣಿನ ಸೋಂಕು ಇದೆಯೇ ಎಂದು ನೋಡಲು ಕಣ್ಣಿನ ರೆಪ್ಪೆಯನ್ನು ಬೆರಳಿನಿಂದಲೋ ಬೂಟಿನ ಗುಂಡಿ ಹಾಕುವ ಕೊಕ್ಕೆಯಿಂದಲೋ ಮಗುಚುತ್ತಿದ್ದರು. ಕೊನೆಗೆ 29 ಪ್ರಶ್ನೆ. ಅದರಲ್ಲಿ ಒಂದು ಬಲೆ: “ನಿನಗೆ ಕೆಲಸ ನಿಗದಿಯಾಗಿದೆಯೇ?” ಹೌದೆಂದರೆ 1885ರ ಗುತ್ತಿಗೆ ಕಾರ್ಮಿಕ ಕಾನೂನಿನಡಿ ವಾಪಸ್, ದುಡಿಯುವ ಶಕ್ತಿಯೇ ಇಲ್ಲವೆಂದರೂ ವಾಪಸ್. “ಕೆಲಸ ಇನ್ನೂ ನಿಗದಿಯಾಗಿಲ್ಲ, ಆದರೆ ಹೊಲಿಗೆ ಬಲ್ಲೆ” ಎನ್ನಬೇಕು. ಹೆಚ್ಚಿನವರು ಮೂರರಿಂದ ಐದು ಗಂಟೆಯಲ್ಲಿ ಹೊರಬರುತ್ತಿದ್ದರು, ವಾಪಸಾದವರು ಸುಮಾರು ನೂರಕ್ಕೆ ಇಬ್ಬರು.

ಇಲ್ಲಿ ಪದೇ ಪದೇ ಆಗುವ ತಪ್ಪು: ಹನ್ನೆರಡರ ಹುಡುಗಿ ಒಬ್ಬಳೇ ಬಂದು ಒಬ್ಬಳೇ ಊರೊಳಗೆ ನಡೆದುಬಿಡುವುದು. 1907ರ ಕಾನೂನಿನ ಪ್ರಕಾರ ಹೆತ್ತವರಿಲ್ಲದೆ ಬಂದ ಹದಿನಾರರೊಳಗಿನವರನ್ನು ತಡೆಯಬಹುದಿತ್ತು. ಅದಕ್ಕೂ ಮುಂಚೆ ಒಂಟಿ ಮಗುವನ್ನು ಕರೆದೊಯ್ಯಲು ಯಾರಾದರೂ ಬರುವವರೆಗೆ ಅಲ್ಲೇ ಇರಿಸಿಕೊಳ್ಳುತ್ತಿದ್ದರು. ಆದ್ದರಿಂದ ಅವಳಿಗೆ ಒಬ್ಬ ಚಿಕ್ಕಪ್ಪನನ್ನು ಕೊಡಿ, ಅಥವಾ ಚಿಕ್ಕಪ್ಪನ ವೇಷ ಹಾಕಿದ ಇನ್ನೇನನ್ನಾದರೂ. ಕಥೆ ಅಲ್ಲಿಂದಲೇ ಎದ್ದೇಳುತ್ತದೆ.

ಮನೆಗಳು ಹೇಗಿದ್ದವು?

ಟೆನೆಮೆಂಟ್ ಎಂದರೆ ಬಾಡಿಗೆಯ ವಠಾರ, ಆದರೆ ಐದಾರು ಅಂತಸ್ತಿನದು. ಆರ್ಚರ್ಡ್ ಬೀದಿಯ 97ನೇ ನಂಬರಿನ ಕಟ್ಟಡ 1863ರದು, ಈಗ ಅದು ವಸ್ತುಸಂಗ್ರಹಾಲಯ. ಅಲ್ಲಿ ಒಂದು ಮನೆ ಎಂದರೆ ಮೂರು ಕೋಣೆ, ಒಟ್ಟು ಸುಮಾರು 325 ಚದರ ಅಡಿ. ಬೀದಿಗೋ ಹಿತ್ತಿಲಿಗೋ ಕಿಟಕಿ ಇದ್ದದ್ದು ಒಂದು ಕೋಣೆಗೆ ಮಾತ್ರ. ನಡುವೆ ಅಡುಗೆಮನೆ, ಅದರಾಚೆ ಕತ್ತಲ ಮಲಗುವ ಕೋಣೆ. ಅಪ್ಪ, ಅಮ್ಮ, ನಾಲ್ಕೈದು ಮಕ್ಕಳು, ಮೇಲೆ ಬಾಡಿಗೆ ಹಂಚಿಕೊಳ್ಳಲು ಒಬ್ಬಿಬ್ಬರು ‘ಬೋರ್ಡರ್’ಗಳು. ಕುರ್ಚಿಗಳನ್ನು ಸಾಲಾಗಿಟ್ಟು ಹಲಗೆ ಹಾಸಿದರೆ ಅದೇ ಹುಡುಗರ ಮಂಚ. 1901ರ ಕಾನೂನಿಗೆ ಮೊದಲು ಅನೇಕ ಕಡೆ ಕಕ್ಕಸು ಇದ್ದದ್ದು ಹಿತ್ತಿಲಲ್ಲಿ. ಆಮೇಲೆ ಅದು ಕಟ್ಟಡದೊಳಕ್ಕೆ, ಎರಡು ಮನೆಗೆ ಒಂದರಂತೆ, ಬಂತು. ಗ್ಯಾಸ್ ದೀಪದ ಮೀಟರಿಗೆ ಇಪ್ಪತ್ತೈದು ಸೆಂಟಿನ ನಾಣ್ಯ ಹಾಕಬೇಕಿತ್ತು. ನಾಣ್ಯ ಮುಗಿದರೆ ದೀಪ ನಂದುತ್ತಿತ್ತು. ಭಯದ ದೃಶ್ಯಕ್ಕೆ ಇದಕ್ಕಿಂತ ಒಳ್ಳೆಯ ಯಂತ್ರ ಬೇಕಿಲ್ಲ. ಬೇಸಿಗೆಯಲ್ಲಿ ಇಡೀ ಕಟ್ಟಡ ಹಾಸಿಗೆ ಹೊತ್ತು ತಾರಸಿಗೆ ಹೋಗುತ್ತಿತ್ತು.

ಮಕ್ಕಳು ನಿಜವಾಗಿ ಎಷ್ಟು ದುಡಿಯುತ್ತಿದ್ದರು?

ಹದಿನಾಲ್ಕು ತುಂಬದೆ ಕಾರ್ಖಾನೆಗೆ ಸೇರುವಂತಿರಲಿಲ್ಲ, ಆದರೆ ವಯಸ್ಸು ಸುಳ್ಳು ಹೇಳುವುದು ಮಾಮೂಲಾಗಿತ್ತು. ಟ್ರಯಾಂಗಲ್ ಶರ್ಟ್‌ವೇಸ್ಟ್ ಕಂಪನಿಯಲ್ಲಿ ಚಿಕ್ಕಂದಿನಲ್ಲೇ ದುಡಿದು ಮುಂದೆ ಕಾರ್ಮಿಕ ನಾಯಕಿಯಾದ ಪಾಲಿನ್ ನ್ಯೂಮನ್ ಹೇಳಿರುವ ವಿವರವಿದು: ಇನ್‌ಸ್ಪೆಕ್ಟರ್ ಬರುವ ಸುದ್ದಿ ಸಿಕ್ಕರೆ ಸಣ್ಣ ಮಕ್ಕಳನ್ನು ದೊಡ್ಡ ಪೆಟ್ಟಿಗೆಗಳಲ್ಲಿ ಕೂರಿಸಿ ಮೇಲೆ ರವಿಕೆಗಳನ್ನು ಹೇರುತ್ತಿದ್ದರು. ಮಕ್ಕಳ ಕೆಲಸ ನೂಲು ಕತ್ತರಿಸುವುದು. ಯಂತ್ರದಿಂದ ಇಳಿದ ಬಟ್ಟೆಯಲ್ಲಿ ಉಳಿದ ದಾರದ ತುದಿಗಳನ್ನು ಸಣ್ಣ ಕತ್ತರಿಯಿಂದ ತೆಗೆಯುತ್ತ ಕೂರಬೇಕು. ಮನೆಯಲ್ಲೂ ಕೆಲಸವಿತ್ತು: ಗುಂಡಿ ಹೊಲಿಯುವುದು, ಕಾಗದದ ಹೂ ಕಟ್ಟುವುದು, ಅರ್ಧ ಹೊಲಿದ ಕೋಟುಗಳ ಕಟ್ಟನ್ನು ತಲೆ ಮೇಲೆ ಹೊತ್ತು ತರುವುದು.

ಶೇದಿಮ್ ಎಂದರೆ ಯಾರು? ನಮ್ಮ ದೆವ್ವಗಳಂತೆಯೇ ಬರೆಯಬಹುದೇ?

ಬರೆಯಬೇಡಿ, ಅವಕ್ಕೆ ತಮ್ಮದೇ ನಿಯಮಗಳಿವೆ, ಆ ನಿಯಮಗಳಲ್ಲೇ ಸ್ವಾರಸ್ಯವಿದೆ. ಇವು ಯಹೂದಿ ಪರಂಪರೆಯ ದೆವ್ವಗಳು: ಶೇದ್ ಒಂದು, ಶೇದಿಮ್ ಹಲವು. ಯಹೂದಿ ಧರ್ಮಶಾಸ್ತ್ರದ ಹಳೆಯ ಗ್ರಂಥವಾದ ತಾಲ್ಮುದ್‌ನ ಹಗಿಗಾ ಭಾಗದ ಪ್ರಕಾರ ಅವಕ್ಕೆ ಆರು ಗುಣ. ದೇವದೂತರಂತೆ ರೆಕ್ಕೆಯಿದೆ, ಲೋಕದ ಒಂದು ತುದಿಯಿಂದ ಇನ್ನೊಂದಕ್ಕೆ ಹಾರುತ್ತವೆ, ಮುಂದಾಗುವುದನ್ನು ಬಲ್ಲವು. ಮನುಷ್ಯರಂತೆ ಉಣ್ಣುತ್ತವೆ, ಸಂತಾನ ಪಡೆಯುತ್ತವೆ, ಸಾಯುತ್ತವೆ. ಅಂದರೆ ಶೇದಿಗೂ ಹಸಿವಿದೆ, ಅಜ್ಜಿಯಿದ್ದಾಳೆ, ಸಾವಿನ ಭಯವಿದೆ. ಕಿರಿಯರ ಕಥೆಗೆ ಇಂಥ ಪಾತ್ರ ಬೇರೆಲ್ಲಿ ಸಿಕ್ಕೀತು?

ಅವುಗಳ ಕಾಲು ಕೋಳಿಯ ಕಾಲಿನಂತೆ. ಬೆರಖೋತ್ ಭಾಗದಲ್ಲಿ ಪರೀಕ್ಷೆಯ ವಿಧಾನವೇ ಇದೆ: ಜರಡಿ ಹಿಡಿದ ಬೂದಿಯನ್ನು ಹಾಸಿಗೆಯ ಸುತ್ತ ಚೆಲ್ಲಿ ಮಲಗಿದರೆ ಬೆಳಗ್ಗೆ ಹುಂಜದ ಹೆಜ್ಜೆಗಳಂಥ ಗುರುತು ಕಾಣುತ್ತದೆ. ಟೆನೆಮೆಂಟಿನ ಕಲ್ಲಿದ್ದಲು ಒಲೆಯಲ್ಲಿ ಬೂದಿಗೆ ಬರವಿಲ್ಲ. ಪಾಳುಮನೆ, ಕಕ್ಕಸು, ನೆಲಮಾಳಿಗೆ ಅವುಗಳ ವಾಸದ ಜಾಗ. ಜೋಡಿ ಸಂಖ್ಯೆ ಅವಕ್ಕೆ ಪ್ರಿಯವೆಂದು ಪೆಸಾಹಿಮ್ ಭಾಗ ಎಚ್ಚರಿಸುತ್ತದೆ, ಹಾಗಾಗಿ ಎರಡು ಲೋಟ ಕುಡಿದವನು ಹುಷಾರಾಗಿರಬೇಕು. ಅವುಗಳ ರಾಜ ಅಶ್ಮದಾಯ್. ದೇಗುಲ ಕಟ್ಟುವ ಗುಟ್ಟಿಗಾಗಿ ಸೊಲೊಮನ್ ಅರಸನ ಸೇವಕ ಬೆನಾಯ ಅವನ ಬಾವಿಗೆ ವೈನ್ ತುಂಬಿಸಿ, ಅವನು ಮತ್ತೇರಿ ಮಲಗಿದಾಗ ದೇವರ ಹೆಸರು ಕೆತ್ತಿದ ಸರಪಳಿಯಿಂದ ಕಟ್ಟಿದ.

ಎಲ್ಲಕ್ಕಿಂತ ಮುಖ್ಯವಾದದ್ದು, ಯಹೂದಿ ದೆವ್ವಗಳು ನ್ಯಾಯಸ್ಥಾನಕ್ಕೆ ಬರುತ್ತವೆ. 1705ರಲ್ಲಿ ಅಚ್ಚಾದ ‘ಕವ್ ಹಯಾಶಾರ್’ ಎಂಬ ನೀತಿಗ್ರಂಥದಲ್ಲಿ ಪೋಝೆನ್ ಊರಿನ ಒಂದು ಮನೆಯ ಪ್ರಸಂಗವಿದೆ. ನೆಲಮಾಳಿಗೆಯಲ್ಲಿದ್ದ ದೆವ್ವಗಳು, ಈ ಮನೆಯ ಹಿಂದಿನ ಯಜಮಾನ ನಮ್ಮ ತಂದೆ, ಆಸ್ತಿ ನಮ್ಮದೇ ಎಂದು ದಾವೆ ಹೂಡುತ್ತವೆ. ಝಮೋಶ್ಚ್‌ನ ಯೋಯೆಲ್ ಬಾಲ್ ಶೇಮ್ (ದೇವರ ಹೆಸರಿನ ಬಲದಿಂದ ದೆವ್ವ ಬಿಡಿಸುವವರಿಗಿದ್ದ ಬಿರುದು) ಅವರ ಎದುರು ವಾದ ನಡೆದು, ದೆವ್ವಗಳ ಪಾಲು ಕಾಡುಮೇಡಿನಲ್ಲಿ, ಮನುಷ್ಯರ ವಸತಿಯಲ್ಲಿ ಅವಕ್ಕೆ ಹಕ್ಕಿಲ್ಲ ಎಂದು ತೀರ್ಪಾಗುತ್ತದೆ. ಕತ್ತಿ, ಬೆಂಕಿಯ ಚೆಂಡು, ಮಂತ್ರದಂಡದ ಕಾಳಗದ ಬದಲು ವಾದ, ಸಾಕ್ಷಿ, ಕರಾರು. ಬಾಡಿಗೆ ಜಗಳ ದಿನದ ಮಾತಾಗಿದ್ದ ಬೀದಿಗೆ ಈ ಕಥನದ ಅಚ್ಚು ಹೇಳಿಮಾಡಿಸಿದಂತಿದೆ.

ದಿಬ್ಬುಕ್ ಕೂಡ ದೆವ್ವವೇ? ‘ದಿಬ್ಬುಕ್ ಪೆಟ್ಟಿಗೆ’ಯನ್ನು ಕಥೆಯಲ್ಲಿ ಇಡಬಹುದೇ?

ದಿಬ್ಬುಕ್ ಸತ್ತ ಮನುಷ್ಯನ ಆತ್ಮ. ಪಾಪದ ಭಾರದಿಂದ ಮುಂದಕ್ಕೆ ಹೋಗಲಾರದೆ ಬದುಕಿರುವವರ ಮೈಗೆ ಅಂಟಿಕೊಂಡದ್ದು. ಶೇದ್‌ಗೂ ಅದಕ್ಕೂ ಬೆರಕೆ ಮಾಡಬಾರದು. ಬಿಡಿಸುವ ಕ್ರಮದಲ್ಲಿ ಮಿನ್ಯಾನ್ ಎಂಬ ಹತ್ತು ಗಂಡಸರ ಪ್ರಾರ್ಥನಾ ಕೂಟ, ಷೋಫರ್ ಎಂಬ ಟಗರಿನ ಕೊಂಬಿನ ಕಹಳೆ, ಮತ್ತು ಬಹಳ ಹೊತ್ತಿನ ವಿಚಾರಣೆ: ನಿನ್ನ ಹೆಸರೇನು, ಏನು ಮಾಡಿದೆ, ಏನು ಮಾಡಿದರೆ ಬಿಟ್ಟುಹೋಗುತ್ತೀಯ? ಹೊರಡುವಾಗ ಕಾಲಿನ ಕಿರುಬೆರಳಿನಿಂದಲೇ ಹೋಗಬೇಕೆಂದು ತಾಕೀತು ಮಾಡುತ್ತಾರೆ, ಕಣ್ಣೋ ಗಂಟಲೋ ಕೆಡದಿರಲೆಂದು. ಕಿಟಕಿಯ ಗಾಜಿನಲ್ಲಿ ಬಿರುಕು ಕಂಡರೆ ಹೋದದ್ದಕ್ಕೆ ಸಾಕ್ಷಿ. ಸ್ಕಿಪ್ಪಿಂಗ್ ಆಡುತ್ತಿದ್ದ ಹುಡುಗಿಯ ಬಾಯಿಂದ ಮುದುಕನ ದನಿ ಬರುವುದಷ್ಟೇ ಈ ಕಥೆಯಾಗಬಾರದು. ಆ ಮುದುಕನಿಗೆ ಯಾರೋ ಬಾಕಿ ಉಳಿಸಿಕೊಂಡ ನ್ಯಾಯವೇನು ಎಂಬುದೇ ಕಥೆ.

ಪೆಟ್ಟಿಗೆ ಬೇಡ. ಅದು 2003ರ ಒಂದು ಆನ್‌ಲೈನ್ ಹರಾಜಿನಿಂದ ಹುಟ್ಟಿದ ಕಟ್ಟುಕಥೆ. 1905ರ ಅಜ್ಜಿಗೆ ಅದು ಗೊತ್ತಿರುವುದಿಲ್ಲ.

ಗೋಲೆಮ್ ಮಾಡುವ, ಅಳಿಸುವ ಸರಿಯಾದ ವಿಧಾನ ಯಾವುದು?

ಗೋಲೆಮ್ ಎಂದರೆ ಪವಿತ್ರ ಅಕ್ಷರಗಳ ಬಲದಿಂದ ಜೀವ ತುಂಬಿದ ಮಣ್ಣಿನ ಮನುಷ್ಯ. ಅದಕ್ಕೆ ಎರಡು ಬೇರೆ ಬೇರೆ ಪರಂಪರೆಗಳಿವೆ, ಒಂದನ್ನು ಆರಿಸಿ.

ಮೊದಲನೆಯದರಲ್ಲಿ ಮಣ್ಣಿನ ಮನುಷ್ಯನ ಹಣೆಯ ಮೇಲೆ ‘ಎಮೆತ್’, ಅಂದರೆ ಸತ್ಯ, ಎಂದು ಬರೆಯುತ್ತಾರೆ. ಹೀಬ್ರೂನಲ್ಲಿ ಅದು ಆಲೆಫ್, ಮೆಮ್, ತಾವ್ ಎಂಬ ಮೂರಕ್ಷರ. ಬಲತುದಿಯ ಆಲೆಫ್ ಅಳಿಸಿದರೆ ‘ಮೆತ್’ ಉಳಿಯುತ್ತದೆ, ಅಂದರೆ ಸತ್ತವನು. ಪೋಲೆಂಡಿನ ಯಹೂದಿಗಳ ಈ ಕಥೆಯನ್ನು ಯಾಕೊಬ್ ಗ್ರಿಮ್ 1808ರಲ್ಲಿ ಅಚ್ಚುಹಾಕಿಸಿದ. ಅದರಲ್ಲಿ ಗೋಲೆಮ್ ದಿನದಿನಕ್ಕೆ ಬೆಳೆಯುತ್ತ ಹೋಗಿ ಯಜಮಾನನ ಕೈಗೆ ಹಣೆ ಎಟುಕುವುದಿಲ್ಲ. “ನನ್ನ ಬೂಟು ಬಿಚ್ಚು” ಎಂದು ಅದನ್ನು ಬಗ್ಗಿಸಿ ಅಕ್ಷರ ಅಳಿಸುತ್ತಾನೆ. ಅಷ್ಟೂ ಮಣ್ಣು ಅವನ ಮೇಲೆಯೇ ಕುಸಿದು ಅವನು ಸಾಯುತ್ತಾನೆ.

ಎರಡನೆಯದು ಪ್ರಾಗ್‌ನದು, ಮಹರಾಲ್ ಎಂದು ಹೆಸರಾದ ರಬ್ಬಿ (ಯಹೂದಿ ಧರ್ಮಗುರು) ಯೆಹೂದ ಲೋಎವ್ ಅವರಿಗೆ ಅಂಟಿದ ಕಥೆ. ಅವರು ತೀರಿಕೊಂಡದ್ದು 1609ರಲ್ಲಿ, ಕಥೆ ಅಚ್ಚಿಗೆ ಬಂದದ್ದು 19ನೇ ಶತಮಾನದಲ್ಲಿ. ಇಲ್ಲಿ ದೇವರ ಹೆಸರು ಬರೆದ ಚೀಟಿ, ‘ಶೇಮ್’, ಗೋಲೆಮ್‌ನ ಬಾಯಲ್ಲಿರುತ್ತದೆ. ಶುಕ್ರವಾರ ಸಂಜೆ ಸಬ್ಬಾತ್ ಎಂಬ ವಾರದ ವಿಶ್ರಾಂತಿ ದಿನ ಶುರುವಾಗುವ ಮೊದಲು ತೆಗೆಯಬೇಕು. ಒಮ್ಮೆ ಮರೆತದ್ದರಿಂದಲೇ ಅನಾಹುತ. ಯಹೂದಿಗಳ ಮೇಲಿನ ರಕ್ತದ ಆರೋಪದ (ಆಚರಣೆಗೆ ಮಕ್ಕಳ ರಕ್ತ ಬಳಸುತ್ತಾರೆಂಬ ಸುಳ್ಳಿನ) ಸಂಚುಗಳನ್ನು ಬಯಲಿಗೆಳೆಯುವ ಪತ್ತೇದಾರ ಗೋಲೆಮ್ ಜನಪ್ರಿಯವಾದದ್ದು ಯೂಡ್ಲ್ ರೋಸೆನ್‌ಬರ್ಗ್ 1909ರಲ್ಲಿ ಹೊರತಂದ ಪುಸ್ತಕದಿಂದ. 1890ರ ಪಾತ್ರ ಆ ಪುಸ್ತಕದ ಪ್ರಸಂಗಗಳನ್ನು ಹೇಳುವಂತಿಲ್ಲ.

ಎರಡರಲ್ಲೂ ಗೋಲೆಮ್‌ಗೆ ಮಾತಿಲ್ಲ. ತಾಲ್ಮುದ್‌ನ ಸನ್‌ಹೆದ್ರಿನ್ ಭಾಗದಲ್ಲಿ ರಾವ ಎಂಬ ಪಂಡಿತ ಸೃಷ್ಟಿಸಿ ಕಳಿಸಿದ ಮನುಷ್ಯನನ್ನು ರಬ್ಬಿ ಝೇರ ಮಾತಾಡಿಸುತ್ತಾನೆ. ಉತ್ತರ ಬಾರದ್ದರಿಂದಲೇ ಗುಟ್ಟು ರಟ್ಟಾಗಿ, ಮಣ್ಣಿಗೆ ಮರಳು ಎನ್ನುತ್ತಾನೆ. ಹರಟೆ ಹೊಡೆಯುವ ಗೋಲೆಮ್ ಬೇಕೆಂದರೆ ಬರೆಯಿರಿ, ಆದರೆ ನಿಯಮ ಮುರಿದದ್ದು ಯಾಕೆಂದು ಕಥೆಯೊಳಗೇ ಕಾರಣವಿರಲಿ.

ಹುಡುಗಿಯೊಬ್ಬಳು ಗೋಲೆಮ್ ಮಾಡುವ ಕಥೆಗಳಲ್ಲಿ ಇನ್ನೊಂದು ತೊಡಕು. ಆ ಕಾಲದ ಹುಡುಗಿಯರಲ್ಲಿ ಅನೇಕರು ಯಿದ್ದಿಶ್ ಓದುತ್ತಿದ್ದರು, ಹೀಬ್ರೂ ಧರ್ಮಗ್ರಂಥಗಳ ಪಾಠ ಗಂಡುಮಕ್ಕಳಿಗೆ ಮೀಸಲು. ಎರಡಕ್ಕೂ ಲಿಪಿ ಒಂದೇ ಆದ್ದರಿಂದ ಅಕ್ಷರ ಗುರುತಿಸಬಲ್ಲಳು, ಅರ್ಥ ಬಿಡಿಸಲು ತಿಣುಕುತ್ತಾಳೆ. ಆ ತಿಣುಕಾಟವನ್ನು ಹಾರಿಸಿಬಿಡಬೇಡಿ, ತಪ್ಪು ಅಕ್ಷರ ಬೀಳುವುದು ಅಲ್ಲೇ.

ಹೆಂಗಸರ ಲೋಕದಿಂದ ಏನು ತೆಗೆದುಕೊಳ್ಳಬಹುದು?

ಈ ಭಾಗವನ್ನು ಬರಹಗಾರರು ಮುಟ್ಟುವುದೇ ಕಡಿಮೆ, ಇದಕ್ಕಿಂತ ಶ್ರೀಮಂತವಾದದ್ದು ಮತ್ತೊಂದಿಲ್ಲ.

ಹೊಸ ವರ್ಷ ರೋಶ್ ಹಶಾನಾದ ಆಸುಪಾಸಿನಲ್ಲಿ ಹೆಂಗಸರು ಸ್ಮಶಾನಕ್ಕೆ ಹೋಗಿ ಹತ್ತಿಯ ದಾರದಿಂದ ಅದರ ಸುತ್ತಳತೆಯನ್ನು, ಕೆಲವೊಮ್ಮೆ ಬಿಡಿ ಗೋರಿಗಳನ್ನು, ಅಳೆಯುತ್ತಿದ್ದರು. ಒಬ್ಬಳು ಉಂಡೆ ಬಿಚ್ಚುತ್ತ ನಡೆದರೆ ಇನ್ನೊಬ್ಬಳು ಯಿದ್ದಿಶ್‌ನಲ್ಲಿ ಪ್ರಾರ್ಥನೆ ಹೇಳುತ್ತ ಬರುತ್ತಿದ್ದಳು. ಮನೆಗೆ ಬಂದು ಆ ದಾರವನ್ನು ಬತ್ತಿಯಾಗಿ ಹೊಸೆದು, ಒಂದೊಂದು ಎಳೆ ಇಡುವಾಗಲೂ ಆದಾಮ ಹವ್ವರಿಂದ ಹಿಡಿದು ತಮ್ಮ ಮನೆಯ ಸತ್ತವರವರೆಗೆ ಹೆಸರು ಹೇಳಿ, ಮೇಣಕ್ಕೆ ಅದ್ದಿ, ಪ್ರಾಯಶ್ಚಿತ್ತದ ದಿನವಾದ ಯೋಮ್ ಕಿಪ್ಪುರ್‌ಗೆ ದೊಡ್ಡ ಮೇಣದಬತ್ತಿ ಮಾಡುತ್ತಿದ್ದರು: ಒಂದು ಬದುಕಿರುವವರಿಗೆ, ಒಂದು ಸತ್ತವರಿಗೆ. ಸಾಗರದಾಚೆ ಹೋದವಳಿಗೆ ಅಳೆಯಲು ಅಜ್ಜಿಯ ಗೋರಿ ಇಲ್ಲ. ಆ ದಾರದ ಉಂಡೆ ಟ್ರಂಕಿನಲ್ಲಿ ಬಂದಿದ್ದರೆ?

ದೃಷ್ಟಿ ತಾಗದಂತೆ ಮೂರು ಸಲ ಉಗುಳುವುದು, ತೊಟ್ಟಿಲಿಗೆ ಕೆಂಪು ದಾರ, ಬಾಣಂತಿಯ ಕೋಣೆಯಲ್ಲಿ ಎಳೆಗೂಸುಗಳನ್ನು ಕೊಲ್ಲುವ ಹೆಣ್ಣು ದೆವ್ವ ಲಿಲಿತ್‌ಳನ್ನು ತಡೆಯುವ ಸನ್ವಿ, ಸನ್‌ಸನ್ವಿ, ಸೆಮಂಗೆಲಫ್ ಎಂಬ ಮೂವರು ದೇವದೂತರ ಹೆಸರಿನ ಕಾಗದ ಮತ್ತು 121ನೇ ಕೀರ್ತನೆ. ಕಾಯಿಲೆಬಿದ್ದ ಮಗುವಿಗೆ ‘ಆಲ್ಟರ್’, ಅಂದರೆ ಮುದುಕ, ಎಂದು ಹೆಸರಿಡುತ್ತಿದ್ದರು. ಮಗುವನ್ನು ಹುಡುಕಿ ಬಂದ ಮೃತ್ಯುದೂತ ಮುದುಕನ ಹೆಸರು ಕೇಳಿ ವಿಳಾಸ ತಪ್ಪಿತೆಂದು ಹಿಂತಿರುಗಲಿ ಎಂಬ ಆಸೆ.

ಈ ಆಚರಣೆಗಳು ಅಮೆರಿಕಕ್ಕೂ ಬಂದವೇ?

ಬಂದವು. ಬಲವಾದ ಸಾಕ್ಷಿ ‘ಶ್ವಾರ್ಟ್ಸೆ ಖಸೆನೆ’, ಕರಿ ಮದುವೆ. ಕಾಲರಾ ಬಂದಾಗ ಊರವರು ಚಂದಾ ಎತ್ತಿ ಇಬ್ಬರು ಬಡವರಿಗೋ ಅನಾಥರಿಗೋ ಸ್ಮಶಾನದಲ್ಲಿ ಮದುವೆ ಮಾಡಿಸುವ ಪದ್ಧತಿ ಅದು. 1918ರ ಇನ್‌ಫ್ಲುಯೆಂಜಾದಲ್ಲಿ ಅಕ್ಟೋಬರ್‌ನಲ್ಲಿ ಫಿಲಡೆಲ್ಫಿಯಾದಲ್ಲೂ, ನವೆಂಬರ್‌ನಲ್ಲಿ ಕೆನಡಾದ ವಿನಿಪೆಗ್‌ನಲ್ಲೂ ಇಂಥ ಮದುವೆಗಳು ನಡೆದವು. ಹದಿಹರೆಯದವರ ಕಾದಂಬರಿಗೆ ಇದೊಂದೇ ಸಾಕು, ಬೇರೆ ಮಾಯೆ ಸೇರಿಸಬೇಕಿಲ್ಲ.

ಹಬ್ಬ, ಸಬ್ಬಾತ್ ದೃಶ್ಯಗಳಲ್ಲಿ ಹೆಚ್ಚು ಕಾಣುವ ತಪ್ಪುಗಳೇನು?

ಚಂದ್ರ. ಯಹೂದಿ ಪಂಚಾಂಗ ಚಾಂದ್ರಮಾನದ್ದು. ನಮ್ಮ ಅಧಿಕ ಮಾಸದ ಹಾಗೆ 19 ವರ್ಷಕ್ಕೆ 7 ಹೆಚ್ಚುವರಿ ತಿಂಗಳು ಸೇರಿಸಿ ಋತುವಿಗೆ ಹೊಂದಿಸುತ್ತಾರೆ. ತಿಂಗಳು ಅಮಾವಾಸ್ಯೆಯ ಬೆನ್ನಿಗೇ ಆರಂಭ. ಆದ್ದರಿಂದ ಪಾಸ್ಕದ ಮೊದಲ ರಾತ್ರಿ ಹುಣ್ಣಿಮೆ, ಸುಕ್ಕೋತ್‌ಗೂ ಹುಣ್ಣಿಮೆ, ಪೂರಿಮ್‌ಗೆ ಹೆಚ್ಚುಕಡಿಮೆ ಹುಣ್ಣಿಮೆ. ರೋಶ್ ಹಶಾನಾ ರಾತ್ರಿ ಆಕಾಶ ಕಪ್ಪು. ಹನುಕ್ಕಾ ಕಿಸ್ಲೆವ್ ತಿಂಗಳ 25ಕ್ಕೆ ಶುರು, ಅಂದರೆ ಕೃಷ್ಣಪಕ್ಷದ ಕೊನೆ. ರೋಶ್ ಹಶಾನಾದಂದು ಬೆಳದಿಂಗಳಲ್ಲಿ ತಾರಸಿಯ ಮೇಲೆ ಶೇದಿಮ್ ಕುಣಿದರೆ ತಪ್ಪು ಕಣ್ಣಿಗೆ ಹೊಡೆಯುತ್ತದೆ.

ದಿನ ಶುರುವಾಗುವುದು ಸೂರ್ಯಾಸ್ತಕ್ಕೆ. ಸಬ್ಬಾತ್ ದೀಪ ಹಚ್ಚುವುದು ಸಾಮಾನ್ಯವಾಗಿ ಸೂರ್ಯಾಸ್ತಕ್ಕೆ 18 ನಿಮಿಷ ಮುಂಚೆ. ನ್ಯೂಯಾರ್ಕಿನಲ್ಲಿ ಡಿಸೆಂಬರ್ ಸೂರ್ಯಾಸ್ತ ಸುಮಾರು ನಾಲ್ಕೂವರೆಗೆ, ಅಂದರೆ ಕೆಲಸ ಬಿಡುವ ಹೊತ್ತಿಗೆ ಮುಂಚೆ. ಸಬ್ಬಾತೋ ಸಂಬಳವೋ ಎಂಬ ಜಗಳ ಹುಟ್ಟಿದ್ದು ಈ ಗಡಿಯಾರದಿಂದ. ಜೂನ್‌ನಲ್ಲಿ ಈಗಿನ ಎಂಟೂವರೆ ಬರೆಯಬೇಡಿ. ಗಡಿಯಾರ ಮುಂದಿಡುವ ಪದ್ಧತಿ 1918ಕ್ಕೆ ಮೊದಲು ಇರಲಿಲ್ಲ, ಆಗ ಅದು ಏಳೂವರೆ. ಸಬ್ಬಾತ್‌ನಲ್ಲಿ ಬರೆಯುವಂತಿಲ್ಲ, ಬೆಂಕಿ ಹಚ್ಚುವಂತಿಲ್ಲ, ದುಡ್ಡು ಮುಟ್ಟುವಂತಿಲ್ಲ. ಆದರೆ ಜೀವ ಉಳಿಸಲು ಇವೆಲ್ಲವನ್ನೂ ಮುರಿಯಬಹುದು, ಮುರಿಯಲೇಬೇಕು. ಧರ್ಮನಿಷ್ಠ ಅಜ್ಜ ಶುಕ್ರವಾರ ರಾತ್ರಿ ಕಡ್ಡಿ ಗೀರಿದರೆ, ಅಲ್ಲಿ ಒಂದು ಜೀವ ತೂಗಾಡುತ್ತಿದೆ ಎಂದೇ ಅರ್ಥವಾಗಬೇಕು.

ಊಟ: ಮಾಂಸದ ಜೊತೆ ಹಾಲು ಬೆಣ್ಣೆ ಇಲ್ಲ. ಚೋಲೆಂಟ್ ಎಂಬ ಬೀನ್ಸ್ ಕಾಳು, ಆಲೂಗಡ್ಡೆ, ಮಾಂಸದ ಪಾತ್ರೆಯನ್ನು ಶುಕ್ರವಾರ ಮಧ್ಯಾಹ್ನ ಬೇಕರಿಯ ಒಲೆಯಲ್ಲಿಟ್ಟು, ಶನಿವಾರ ಮಧ್ಯಾಹ್ನ ಮಕ್ಕಳು ಹೋಗಿ ತರುತ್ತಿದ್ದರು. ಮೀನಿನ ಉಂಡೆ ಗಲಿಸಿಯಾದವರಿಗೆ ಸಿಹಿ, ಲಿಥುವೇನಿಯಾದವರಿಗೆ ಮೆಣಸು. ಇವರಿಬ್ಬರ ನಡುವೆ ಮದುವೆ ಎಂದರೆ ಅಡುಗೆಮನೆಯಲ್ಲೇ ಯುದ್ಧ.

ಕರೆಯುವ ರೀತಿ: ಅಪ್ಪ ‘ತಾತೆ’, ಅಮ್ಮ ‘ಮಾಮೆ’, ಅಜ್ಜಿ ‘ಬುಬ್ಬೆ’, ಅಜ್ಜ ‘ಝೇಡೆ’. ‘ರೆಬ್ ಮೆಂಡೆಲ್’ ಎಂದರೆ ಮೆಂಡೆಲ್ ಪುರೋಹಿತನೆಂದಲ್ಲ. ಯಾವ ಗೃಹಸ್ಥನನ್ನೂ ಹೆಸರಿನ ಜೊತೆ ಹಾಗೆ ಗೌರವದಿಂದ ಕರೆಯುತ್ತಿದ್ದರು.

ಟ್ರಯಾಂಗಲ್ ಕಾರ್ಖಾನೆಯ ಬೆಂಕಿ ದುರಂತವನ್ನು ಫ್ಯಾಂಟಸಿಯಲ್ಲಿ ತರಬಹುದೇ? ಮಾಯೆಯಿಂದ ಜನರನ್ನು ಉಳಿಸಬಹುದೇ?

ತರಬಹುದು, ಉಳಿಸಬಾರದು. ದೆವ್ವವೊಂದು ಬೆಂಕಿ ಹಚ್ಚಿತೆಂದೂ ಬರೆಯಬಾರದು.

1911ರ ಮಾರ್ಚ್ 25, ಶನಿವಾರ ಸಂಜೆ ಸುಮಾರು 4:40. ಎಂಟನೇ ಮಹಡಿಯ ಬಟ್ಟೆಚೂರಿನ ತೊಟ್ಟಿಯಲ್ಲಿ ಬೆಂಕಿ ಕಾಣಿಸಿತು. ಹತ್ತನೇ ಮಹಡಿಗೆ ಫೋನಿನಲ್ಲಿ ಸುದ್ದಿ ಹೋಯಿತು, ಒಂಬತ್ತನೆಯದಕ್ಕೆ ಹೋಗಲಿಲ್ಲ. ಅಲ್ಲಿ ವಾಷಿಂಗ್ಟನ್ ಪ್ಲೇಸ್ ಬದಿಯ ಬಾಗಿಲಿಗೆ ಬೀಗ. ಹೊರಗಿನ ಕಬ್ಬಿಣದ ಮೆಟ್ಟಿಲು ಜನರ ಭಾರಕ್ಕೆ ಕುಸಿಯಿತು. ಅಗ್ನಿಶಾಮಕರ ಏಣಿ ಮುಟ್ಟಿದ್ದು ಆರನೇ ಮಹಡಿಯವರೆಗೆ. 146 ಜನ ಸತ್ತರು, ಅವರಲ್ಲಿ 123 ಹೆಂಗಸರು, ಹೆಚ್ಚಿನವರು ಯಹೂದಿ ಮತ್ತು ಇಟಾಲಿಯನ್ ಹುಡುಗಿಯರು. ಲಿಫ್ಟ್ ನಡೆಸುತ್ತಿದ್ದ ಜೋಸೆಫ್ ಝಿಟೋ ಮತ್ತು ಗ್ಯಾಸ್ಪರ್ ಮೊರ್ಟಿಲ್ಲಾರೊ ಮತ್ತೆ ಮತ್ತೆ ಮೇಲೆ ಹೋಗಿ ಹಲವರನ್ನು ಇಳಿಸಿದರು. ಮಾಲೀಕರು ಅದೇ ಡಿಸೆಂಬರ್‌ನಲ್ಲಿ ಖುಲಾಸೆಯಾದರು. ಬೀಗ ಹಾಕಿದ್ದು ಮನುಷ್ಯರು. ಹೊಣೆಯನ್ನು ಶೇದ್‌ನ ತಲೆಗೆ ಕಟ್ಟಿದರೆ ಮಗು ಓದುವುದು ಸುಳ್ಳು ಇತಿಹಾಸ.

ಮಾಯೆಗೆ ಜಾಗ ಮುಂಚೆ ಮತ್ತು ಆಮೇಲೆ ಇದೆ. ಮುಂಚೆ: 1909ರ ನವೆಂಬರ್ 22ರಂದು ಕೂಪರ್ ಯೂನಿಯನ್ ಸಭೆಯಲ್ಲಿ ಹೊಲಿಗೆ ಕಾರ್ಮಿಕಳಾದ ಕ್ಲಾರಾ ಲೆಮ್ಲಿಕ್ ಎದ್ದು ಯಿದ್ದಿಶ್‌ನಲ್ಲಿ ಮುಷ್ಕರಕ್ಕೆ ಕರೆಕೊಟ್ಟ ರಾತ್ರಿ ಇಡೀ ಸಭೆ ಹಳೆಯ ಯಹೂದಿ ಪ್ರತಿಜ್ಞೆಯ ಧಾಟಿಯಲ್ಲಿ ಕೈಯೆತ್ತಿ ಆಣೆಯಿಟ್ಟಿತು. ಆಣೆಗೆ ನಿಜವಾದ ಬಲವಿರುವ ಲೋಕದಲ್ಲಿ ಅದು ಏನೇನು ಎಬ್ಬಿಸೀತು! ಆಮೇಲೆ: ಸತ್ತವಳೊಬ್ಬಳ ಆತ್ಮ ಸಾಕ್ಷಿ ಹೇಳಲು ಬಯಸುವುದು. ಅವಳಿಗೆ ಕಲ್ಪಿತ ಹೆಸರು ಕೊಡಿ, ನಿಜವಾಗಿ ಸತ್ತವರ ಪಟ್ಟಿಯಿಂದ ಹೆಸರು ಎತ್ತಬೇಡಿ. ಅಂದು ಹೀಬ್ರೂ ತಿಥಿ ಅದಾರ್ 25, ಆ ರಾತ್ರಿ ಬೆಳದಿಂಗಳಿಲ್ಲ.

ಯಹೂದಿಗಳ ಬಗೆಗಿನ ಪೂರ್ವಗ್ರಹ ತಿಳಿಯದೆ ನುಸುಳದಂತೆ ಏನು ಮಾಡಬೇಕು?

ಚಿನ್ನ ಕೂಡಿಡುವ ಗಿಡುಗ ಮೂಗಿನ ಕುಬ್ಜರು, ಮಕ್ಕಳ ರಕ್ತ ಬೇಕಾಗುವ ಮಂತ್ರ, ಲೋಕವನ್ನು ಗುಟ್ಟಾಗಿ ಆಳುವ ಹಿರಿಯರ ಕೂಟ: ಇವು ಯಹೂದಿ ಜಾನಪದವಲ್ಲ, ಯಹೂದಿಗಳನ್ನು ಕೊಲ್ಲಲು ಬಳಸಿದ ಸುಳ್ಳುಗಳು. ಕಿಶಿನೆವ್‌ನಲ್ಲೂ ರಕ್ತದ ಸುಳ್ಳೇ ಹಬ್ಬಿತ್ತು. ಬೇರೆ ಹೆಸರಿನ ಕಾಲ್ಪನಿಕ ಜನಾಂಗಕ್ಕೆ ಹಚ್ಚಿದರೂ ಅವು ಮಾಸುವುದಿಲ್ಲ. ಯಹೂದಿ ಅನುಭಾವದ ಪರಂಪರೆಯಾದ ಕಬ್ಬಾಲವನ್ನು ಮಾಟದ ಪುಸ್ತಕ ಮಾಡಬೇಡಿ.

ಎಲ್ಲರನ್ನೂ ಕಪ್ಪು ಕೋಟಿನ ಭಕ್ತರಾಗಿ ತೋರಿಸುವುದೂ ತಪ್ಪೇ. ಆ ಬೀದಿಗಳಲ್ಲಿ ಸಮಾಜವಾದಿಗಳಿದ್ದರು, ಯೋಮ್ ಕಿಪ್ಪುರ್‌ನ ಉಪವಾಸದ ದಿನವೇ ನೃತ್ಯಕೂಟ ನಡೆಸಿದ ಅರಾಜಕತಾವಾದಿಗಳಿದ್ದರು, 1897ರಿಂದ ‘ಫಾರ್ವರ್ಟ್ಸ್’ ಪತ್ರಿಕೆ ಓದುವ ದರ್ಜಿಗಳಿದ್ದರು, ಮಾಂಸದ ಬೆಲೆ ಪೌಂಡಿಗೆ 12ರಿಂದ 18 ಸೆಂಟಿಗೆ ಏರಿದ್ದಕ್ಕೆ 1902ರ ಮೇನಲ್ಲಿ ಕಟುಕರ ಅಂಗಡಿ ಮುಚ್ಚಿಸಿದ ಗೃಹಿಣಿಯರಿದ್ದರು. ಒಟ್ಟೋಮನ್ ನಾಡಿನಿಂದ ಬಂದ, ಲಾದಿನೊ (ಸ್ಪ್ಯಾನಿಶ್ ಮೂಲದ ಯಹೂದಿ ಭಾಷೆ) ಮಾತಾಡುವವರಿಗೆ 1910ರಿಂದ ‘ಲಾ ಅಮೆರಿಕಾ’ ಎಂಬ ಸ್ವಂತ ಪತ್ರಿಕೆಯಿತ್ತು.

ಎಷ್ಟು ವಯಸ್ಸಿಗೆ ಎಷ್ಟು ಭಯ?

ಹತ್ತರ ಕೆಳಗಿನವರಿಗೆ ಭಿಕ್ಷುಕನ ವೇಷದಲ್ಲಿ ಬರುವ ಪ್ರವಾದಿ ಎಲಿಯ, ಹೆಲ್ಮ್ ಊರಿನ ಪೆದ್ದ ಪಂಡಿತರು, ಮನೆಗೆ ಒಳಿತು ತರುವ ಪುಟ್ಟ ಶ್ರೆತೆಲೆ. ಹತ್ತರಿಂದ ಹನ್ನೆರಡಕ್ಕೆ ಶೇದಿಮ್ ಮತ್ತು ಗೋಲೆಮ್. ದಿಬ್ಬುಕ್, ಲಿಲಿತ್, ಕರಿ ಮದುವೆ ಹದಿಮೂರರ ಮೇಲಿನವರಿಗೆ. ದಾಳಿಯ ದೃಶ್ಯವನ್ನು ಚಿಕ್ಕವರಿಗೆ ಮುಚ್ಚಿದ ನೆಲಮಾಳಿಗೆಯೊಳಗಿಂದ, ಕೇಳಿದ ಸದ್ದಿನಿಂದಷ್ಟೇ ಹೇಳಿ. ಆದರೆ ಆಮೇಲೆ ಯಾರು ಮರಳಲಿಲ್ಲ ಎಂಬುದನ್ನು ಬಚ್ಚಿಡಬೇಡಿ.

ಕನ್ನಡ ನೆಲದಲ್ಲೇ ನಡೆಯುವ ಯಹೂದಿ ವಲಸೆಯ ಕಥೆ ಬರೆಯಲು ಆಧಾರವಿದೆಯೇ?

ಇದೆ, ಮಂಗಳೂರಿನಲ್ಲಿ. ಟ್ಯುನೀಷಿಯ ಮೂಲದ ವರ್ತಕ ಅಬ್ರಹಾಂ ಬೆನ್ ಯಿಜು 12ನೇ ಶತಮಾನದಲ್ಲಿ, ಆಳುಪರ ಕಾಲದಲ್ಲಿ, ಅಲ್ಲಿ ಹದಿನೇಳು ವರ್ಷದಷ್ಟು ಕಾಲ ನೆಲೆಸಿದ್ದ. ಅವನ ಕಾಗದಪತ್ರಗಳು ಕೈರೋದ ಬೆನ್ ಎಝ್ರಾ ಸಿನಗಾಗ್‌ನ ಗೆನಿಝಾದಲ್ಲಿ, ಅಂದರೆ ದೇವರ ಹೆಸರಿರಬಹುದಾದ ಹಳೆಯ ಕಾಗದ ಹಾಕುವ ಕೋಣೆಯಲ್ಲಿ, ಉಳಿದುಕೊಂಡವು. ಆಶು ಎಂಬ ದಾಸಿಯನ್ನು ಅವನು 1132ರ ಅಕ್ಟೋಬರ್‌ನಲ್ಲಿ ಮಂಗಳೂರಿನಲ್ಲಿ ಬಿಡುಗಡೆ ಮಾಡಿದ ಪತ್ರ ಸಿಕ್ಕಿದೆ. ಅವಳೇ ಅವನ ಮಕ್ಕಳ ತಾಯಿ ಎಂದು ವಿದ್ವಾಂಸರು ಗ್ರಹಿಸುತ್ತಾರೆ. ಬೊಮ್ಮ ಎಂದು ಓದಲಾಗುವ ಹೆಸರಿನ ದಾಸ ಅವನ ವ್ಯವಹಾರಕ್ಕಾಗಿ ಏಡನ್‌ಗೆ ಹೋಗಿಬರುತ್ತಿದ್ದ. ಬೆನ್ ಯಿಜುವಿಗೆ ಕಂಚಿನ ಕಾರ್ಖಾನೆಯಿತ್ತು. ಏಡನ್‌ನವರು ಒಡೆದ ಪಾತ್ರೆ ಕಳಿಸಿ ಹೊಸದು ಎರಕ ಹೊಯ್ಯಿಸಿ ತರಿಸಿಕೊಳ್ಳುತ್ತಿದ್ದರು. ಇಲ್ಲಿಂದ ಮೆಣಸು, ಅಡಿಕೆ, ಏಲಕ್ಕಿ, ಕಬ್ಬಿಣ ಹೋಗುತ್ತಿತ್ತು. ಅಲ್ಲಿಂದ ಕಾಗದ, ಸಕ್ಕರೆ, ಒಣದ್ರಾಕ್ಷಿ ಬರುತ್ತಿತ್ತು.

ಈ ಕಥೆಗೆ ಯಿದ್ದಿಶ್ ತರಬೇಡಿ. ಇವರು ಬರೆದದ್ದು ಹೀಬ್ರೂ ಲಿಪಿಯಲ್ಲಿ ಅರಬ್ಬಿ. ಪ್ರಾಗ್‌ನ ಗೋಲೆಮ್, ದಿಬ್ಬುಕ್ ಎರಡೂ ಆಗಿನ್ನೂ ಹುಟ್ಟಿರಲಿಲ್ಲ. ತಾಲ್ಮುದ್‌ನ ಶೇದಿಮ್, ಅಶ್ಮದಾಯ್, ತಾಯಿತಗಳು ಮಾತ್ರ ಕಾಲಕ್ಕೆ ಸರಿಹೊಂದುತ್ತವೆ. ಹಡಗುಗಳು ಗಾಳಿಯ ಮರ್ಜಿಯಲ್ಲಿದ್ದವು, ಮಳೆಗಾಲದ ನಡುವೆ ಮಂಗಳೂರಿನ ಕರಾವಳಿಗೆ ಯಾವ ಹಡಗೂ ಹತ್ತಿರ ಬರುತ್ತಿರಲಿಲ್ಲ. ಆದ್ದರಿಂದ ಜುಲೈನಲ್ಲಿ ಏಡನ್‌ನಿಂದ ಕಾಗದ ಬಂದಿತೆಂದು ಬರೆದರೆ, ಅದನ್ನು ತಂದವರು ಯಾರು ಎಂಬ ಪ್ರಶ್ನೆಗೆ ನಿಮ್ಮ ಕಥೆಯಲ್ಲಿ ಉತ್ತರ ಸಿದ್ಧವಿರಬೇಕು.